ಮೂಳೆಗಿಳಿದ ಕ್ಯಾನ್ಸರ್: ನೋವು ಸಹಿಸಲೇಬೇಕಾದ್ದಲ್ಲ

ಮುಂದುವರಿದ ಕ್ಯಾನ್ಸರ್‌ನಲ್ಲಿ ರೋಗಿಯನ್ನು ಬಹುವಾಗಿ ಕಾಡುವ ತೊಂದರೆ ಮೂಳೆ ನೋವು. ರೋಗ ಗುಣವಾಗುವ ಹಂತ ದಾಟಿದೆ ಎಂದು ವೈದ್ಯರು ಹೇಳಿದ ಮೇಲೆ ಅನೇಕ ಮನೆಗಳಲ್ಲಿ ನೋವನ್ನೂ ಅದರ ಜೊತೆಗೇ ಒಪ್ಪಿಕೊಂಡುಬಿಡುತ್ತಾರೆ. 'ಕ್ಯಾನ್ಸರ್ ಅಂದಮೇಲೆ ನೋವು ಇದ್ದದ್ದೇ' ಎನ್ನುವವರು ಕೆಲವರು, 'ಅನುಭವಿಸಬೇಕಾದ್ದು ಅನುಭವಿಸಲೇಬೇಕು' ಎಂದು ಕರ್ಮದ ಮೇಲೆ ಹಾಕುವವರು ಇನ್ನು ಕೆಲವರು. ಎರಡೂ ಸರಿಯಲ್ಲ. ರೋಗವನ್ನು ಗುಣಪಡಿಸುವುದು ಬೇರೆ, ನೋವನ್ನು ತಗ್ಗಿಸುವುದು ಬೇರೆ. ಮೊದಲನೆಯದು ಸಾಧ್ಯವಾಗದಿದ್ದರೂ ಎರಡನೆಯದು ಬಹುಪಾಲು ರೋಗಿಗಳಲ್ಲಿ ಸಾಧ್ಯ. ಅದಕ್ಕೆ ಬೇಕಾದ ಔಷಧಗಳಲ್ಲಿ ಹೆಚ್ಚಿನವು ಹಳೆಯವು, ಅಗ್ಗದವು. ಅವುಗಳ ಬಗ್ಗೆ ಸರಿಯಾದ ತಿಳಿವಳಿಕೆ ಮಾತ್ರ ನಮ್ಮಲ್ಲಿ ಕಡಿಮೆ.

ಮೂಳೆಗೆ ಏಕೆ ಹರಡುತ್ತದೆ?

ಮೂಳೆಯಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಹೆಚ್ಚಾಗಿ ಅಲ್ಲಿಯೇ ಹುಟ್ಟಿದ್ದಲ್ಲ. ಸ್ತನ, ಪ್ರಾಸ್ಟೇಟ್ ಗ್ರಂಥಿ, ಶ್ವಾಸಕೋಶ, ಮೂತ್ರಪಿಂಡ ಹಾಗೂ ಥೈರಾಯ್ಡ್ ಗ್ರಂಥಿಯಲ್ಲಿ ಮೊಳೆತ ರೋಗ ರಕ್ತದ ಮೂಲಕ ಸಾಗಿ ಮೂಳೆಯಲ್ಲಿ ನೆಲೆಯೂರುತ್ತದೆ. ಮೈಲೋಮಾ ಎಂಬ ಇನ್ನೊಂದು ಕ್ಯಾನ್ಸರ್ ಮಾತ್ರ ಮೂಳೆಯೊಳಗಿನ ಮಜ್ಜೆಯಲ್ಲೇ ಹುಟ್ಟಿ ಮೂಳೆಯನ್ನು ತಿನ್ನುತ್ತದೆ.

1889ರಲ್ಲಿ ಸ್ಟೀಫನ್ ಪ್ಯಾಜೆಟ್ ಎಂಬ ಇಂಗ್ಲೆಂಡಿನ ಶಸ್ತ್ರವೈದ್ಯ ಇದನ್ನು ಬೀಜ ಮತ್ತು ನೆಲದ ಹೋಲಿಕೆ ಕೊಟ್ಟು ವಿವರಿಸಿದ. ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಜ ಎಲ್ಲೆಡೆ ಚೆಲ್ಲಿದರೂ ಒಪ್ಪುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ. ಮೇಲೆ ಹೇಳಿದ ಕ್ಯಾನ್ಸರ್ ಕಣಗಳಿಗೆ ಮೂಳೆ ಅಂತಹ ನೆಲ. ಬೆನ್ನುಮೂಳೆ, ಸೊಂಟದ ಮೂಳೆ, ಪಕ್ಕೆಲುಬು, ತಲೆಬುರುಡೆ, ತೊಡೆ ಹಾಗೂ ತೋಳಿನ ಮೂಳೆಗಳ ಮೇಲ್ಭಾಗ ಇವುಗಳಲ್ಲಿ ರೋಗ ಹೆಚ್ಚು. ಮೊಣಕಾಲು, ಮೊಣಕೈಗಳಿಂದ ಕೆಳಗೆ ಅಪರೂಪ.

ಆರೋಗ್ಯವಂತ ಮೂಳೆ ಕಲ್ಲಿನಂತೆ ನಿರ್ಜೀವ ವಸ್ತುವಲ್ಲ. ಹಳೆಯ ಮೂಳೆಯನ್ನು ಕರಗಿಸುವ ಕಣಗಳೂ ಹೊಸದನ್ನು ಕಟ್ಟುವ ಕಣಗಳೂ ಅಲ್ಲಿ ಸದಾ ದುಡಿಯುತ್ತಿರುತ್ತವೆ. ಕ್ಯಾನ್ಸರ್ ಹೊಕ್ಕಾಗ ಈ ಲೆಕ್ಕ ತಪ್ಪುತ್ತದೆ. ಕರಗಿಸುವ ಕಣಗಳು ಮಿತಿಮೀರಿ ಕೆಲಸಮಾಡಿ ಮೂಳೆ ಟೊಳ್ಳಾಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಮಾತ್ರ ಹೆಚ್ಚಾಗಿ ಇದಕ್ಕೆ ವಿರುದ್ಧ. ಅಲ್ಲಿ ಹೊಸ ಮೂಳೆ ಅಡ್ಡಾದಿಡ್ಡಿಯಾಗಿ ಬೆಳೆಯುತ್ತದೆ, ನೋಡಲು ಗಟ್ಟಿ ಎನಿಸಿದರೂ ಅದರಲ್ಲಿ ಬಲವಿರುವುದಿಲ್ಲ.

ಮೂಳೆಯ ಮೇಲಿನ ತೆಳು ಪೊರೆಯಲ್ಲಿ ನೋವು ಅರಿಯುವ ನರಗಳು ದಟ್ಟವಾಗಿವೆ. ಗಂತಿ ಬೆಳೆದು ಈ ಪೊರೆ ಹಿಗ್ಗಿದಾಗ, ಮೂಳೆ ಕರಗಿಸುವ ಕಣಗಳು ಸುರಿಸುವ ಆಮ್ಲ ನರಗಳಿಗೆ ತಾಕಿದಾಗ, ಟೊಳ್ಳಾದ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಾಗ, ಪಕ್ಕದ ನರವನ್ನು ಗಂತಿ ಒತ್ತಿದಾಗ ನೋವು ಹುಟ್ಟುತ್ತದೆ. ಕಾರಣ ಒಂದಲ್ಲವಾದ್ದರಿಂದ ಚಿಕಿತ್ಸೆಯೂ ಒಂದೇ ಮಾತ್ರೆಯಲ್ಲಿ ಮುಗಿಯುವುದಿಲ್ಲ.

ಈ ನೋವಿನ ಗುರುತು

ಸಾಮಾನ್ಯ ಸೊಂಟನೋವು ಮಲಗಿದರೆ ಕಡಿಮೆಯಾಗುತ್ತದೆ. ಕ್ಯಾನ್ಸರ್‌ನ ಮೂಳೆ ನೋವು ಹೆಚ್ಚಾಗಿ ಹಾಗಲ್ಲ. ಆಳದಲ್ಲಿ ಕೊರೆದಂತೆ, ಹಲ್ಲುನೋವಿನಂತೆ ಬಿಡದೆ ಕಾಡುತ್ತದೆ. ರಾತ್ರಿ ಹೊತ್ತು ಹೆಚ್ಚು. ಒಂದೇ ಜಾಗವನ್ನು ಬೆರಳಿಟ್ಟು ತೋರಿಸುವಂತಿರುತ್ತದೆ. ವಾರದಿಂದ ವಾರಕ್ಕೆ ಏರುತ್ತದೆ. ಇದರ ಮೇಲೆ ಮಗ್ಗುಲು ಬದಲಿಸಿದಾಗ, ಎದ್ದು ನಿಂತಾಗ, ಕೆಮ್ಮಿದಾಗ ಚುಚ್ಚಿದಂತೆ ಬಂದುಹೋಗುವ ಇನ್ನೊಂದು ನೋವು ಸೇರಿಕೊಳ್ಳುತ್ತದೆ.

ಒಂದು ಉದಾಹರಣೆ ನೋಡೋಣ. ವಿಜಯನಗರ ಜಿಲ್ಲೆ ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ಕಡೆ ಮೆಕ್ಕೆಜೋಳ ಬೆಳೆಯುವ 70 ವರ್ಷದ ಅಜ್ಜನೊಬ್ಬನಿಗೆ ಸೊಂಟನೋವು ಬಂದಿತೆಂದಿಟ್ಟುಕೊಳ್ಳಿ. ಜೀವನವಿಡೀ ಬಗ್ಗಿ ದುಡಿದ ಮೈ, ವಯಸ್ಸಿನದೇ ನೋವು ಎಂದು ಎಲ್ಲರೂ ತಿಳಿಯುತ್ತಾರೆ. ಎಣ್ಣೆ ಹಚ್ಚಿ ತಿಕ್ಕುತ್ತಾರೆ, ಬಿಸಿನೀರು ಹಾಕುತ್ತಾರೆ, ಕೆಲವರು ಬರೆ ಕೂಡ ಹಾಕಿಸುತ್ತಾರೆ. ಅಂಗಡಿಯಿಂದ ತಂದ ಮಾತ್ರೆ ನುಂಗಿದ ದಿನ ಸ್ವಲ್ಪ ಹಗುರ, ಮರುದಿನ ಮತ್ತೆ ಅದೇ ಗೋಳು. ಮೂತ್ರ ತಡೆತಡೆದು ಬರುತ್ತಿರುವುದನ್ನು ಅಜ್ಜ ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಹೇಳಿದ್ದರೆ ಪ್ರಾಸ್ಟೇಟ್ ಗ್ರಂಥಿಯ ಕಡೆ ವೈದ್ಯರ ಗಮನ ಅಂದೇ ಹೋಗುತ್ತಿತ್ತು. ಹಾಗೆಯೇ ಕೆಲವು ವರ್ಷಗಳ ಹಿಂದೆ ಸ್ತನದ ಶಸ್ತ್ರಚಿಕಿತ್ಸೆಯಾದ ತಾಯಿಗೆ ಹೊಸದಾಗಿ ಬೆನ್ನುನೋವು ಬಂದರೆ ಆ ಹಳೆಯ ಕಾಯಿಲೆಯನ್ನು ವೈದ್ಯರಿಗೆ ಮೊದಲು ತಿಳಿಸಬೇಕು. ಎಲ್ಲ ಬೆನ್ನುನೋವೂ ಕ್ಯಾನ್ಸರ್ ಅಲ್ಲ. ಬಹುಪಾಲು ಅಲ್ಲವೇ ಅಲ್ಲ. ಆದರೆ ಕ್ಯಾನ್ಸರ್ ಆಗಿದ್ದವರ ಹೊಸ ಬೆನ್ನುನೋವನ್ನು ಮಾತ್ರ ಪರೀಕ್ಷಿಸದೆ ಬಿಡಬಾರದು.

ಕ್ಷ-ಕಿರಣ ಚಿತ್ರದಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ನಿಶ್ಚಿಂತೆಯಾಗಿರುವಂತಿಲ್ಲ. ಮೂಳೆಯ ಸುಣ್ಣದ ಅಂಶ ಸುಮಾರು ಶೇಕಡ 30ರಿಂದ 50ರಷ್ಟು ಕರಗುವವರೆಗೂ ಅದು ಚಿತ್ರದಲ್ಲಿ ತೋರದಿರಬಹುದು. ಅನುಮಾನವಿದ್ದರೆ ಮೂಳೆಗಳ ಸ್ಕ್ಯಾನ್, ಸಿ.ಟಿ. ಅಥವಾ ಎಂ.ಆರ್.ಐ. ಬೇಕಾಗುತ್ತದೆ.

ನೋವನ್ನು ಅಳೆಯುವುದು

ನೋವಿಗೆ ಥರ್ಮಾಮೀಟರ್ ಇಲ್ಲ. ರೋಗಿ ಹೇಳಿದ್ದೇ ಅಳತೆ. ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಹತ್ತು ಎಂದು ಅಂಕಿ ಕೊಡಲು ಆಸ್ಪತ್ರೆಗಳಲ್ಲಿ ಕೇಳುತ್ತಾರೆ. ಹಿರಿಯರಿಗೆ ಇದು ಒಗ್ಗದಿದ್ದರೆ ಆಣೆಯ ಲೆಕ್ಕದಲ್ಲಿ ಕೇಳಿ: 'ರೂಪಾಯಿಗೆ ಎಷ್ಟಾಣೆ ನೋವೈತಿ ಅಜ್ಜ?' ನಿನ್ನೆ ಹದಿನಾಲ್ಕಾಣೆ ಇದ್ದದ್ದು ಇಂದು ಆರಾಣೆಗೆ ಇಳಿದಿದೆ ಎಂದರೆ ಔಷಧ ಹತ್ತಿದೆ ಎಂದು ಅರ್ಥ.

ಮಕ್ಕಳ ನೋಟುಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆದಿಡುವುದು ಒಳ್ಳೆಯದು. ಎಲ್ಲಿ ನೋವು, ಎಷ್ಟು, ಯಾವ ಹೊತ್ತಿಗೆ ಹೆಚ್ಚು, ಯಾವ ಮಾತ್ರೆ ಎಷ್ಟು ಗಂಟೆಗೆ ಕೊಟ್ಟದ್ದು, ನಿದ್ರೆ ಬಂತೇ, ಹೊಟ್ಟೆ ಕಳೆಯಿತೇ ಇಷ್ಟಿದ್ದರೆ ಸಾಕು. ದೂರದ ಆಸ್ಪತ್ರೆಯಲ್ಲಿ ವೈದ್ಯರೆದುರು ಐದು ನಿಮಿಷ ಕುಳಿತಾಗ ಆ ಪುಟವೇ ಎಲ್ಲವನ್ನೂ ಹೇಳುತ್ತದೆ.

ಮಾತ್ರೆ ಗಡಿಯಾರ ನೋಡಿ, ನೋವು ನೋಡಿ ಅಲ್ಲ

ಕ್ಯಾನ್ಸರ್ ನೋವಿಗೆ ಔಷಧ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಏಣಿಯ ರೂಪದಲ್ಲಿ ಹೇಳಿತು. ಅಲ್ಪ ನೋವಿಗೆ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ಮೊದಲ ಮೆಟ್ಟಿಲು. ಟ್ರಮಡಾಲ್‌ನಂಥ ಮಧ್ಯಮ ಬಲದವು ಎರಡನೆಯದು. ಮಾರ್ಫಿನ್ ಮೂರನೆಯದು. ಈಗ ವೈದ್ಯರು ಪ್ರತಿ ಮೆಟ್ಟಿಲನ್ನೂ ಹತ್ತಿಯೇ ಹೋಗಬೇಕೆಂದು ಹಟ ಹಿಡಿಯುವುದಿಲ್ಲ. ನೋವು ತೀವ್ರವಾಗಿದ್ದರೆ ನೇರವಾಗಿ ಮಾರ್ಫಿನ್ ಆರಂಭಿಸುತ್ತಾರೆ. ಆದರೆ ಅಂದು ಹೇಳಿದ ಎರಡು ಮಾತು ಇಂದಿಗೂ ಬದಲಾಗಿಲ್ಲ. ಸಾಧ್ಯವಾದಷ್ಟು ಬಾಯಿಯಿಂದಲೇ ಔಷಧ ಕೊಡಬೇಕು, ಗಡಿಯಾರ ನೋಡಿ ಕೊಡಬೇಕು.

ನಮ್ಮ ಮನೆಗಳಲ್ಲಿ ತಪ್ಪುವುದು ಇಲ್ಲಿಯೇ. 'ಈಗ ಬ್ಯಾಡವ್ವ, ತಡಕೋತೀನಿ, ರಾತ್ರಿ ತಗೊಂಡರಾತು' ಎಂದು ರೋಗಿ ಗುಳಿಗೆ ಉಳಿಸುತ್ತಾನೆ. ಖರ್ಚು ಉಳಿಯಲಿ ಎಂದೋ, ಈಗಲೇ ತೆಗೆದುಕೊಂಡರೆ ಮುಂದೆ ನಾಟುವುದಿಲ್ಲ ಎಂದೋ ಮನೆಯವರೂ ಒಪ್ಪುತ್ತಾರೆ. ನೋವು ಪೂರ್ತಿ ಕೆರಳಿದ ಮೇಲೆ ಕೊಟ್ಟ ಮಾತ್ರೆಗೆ ಅದನ್ನು ಇಳಿಸುವುದು ಕಷ್ಟ. ಬೆಂಕಿ ಬಣವೆಗೆ ಹತ್ತಿದ ಮೇಲೆ ಕೊಡ ನೀರು ಸುರಿದ ಹಾಗೆ. ಹಿಂದಿನ ಮಾತ್ರೆಯ ಬಲ ಮುಗಿಯುವ ಮೊದಲೇ ಮುಂದಿನದು ಹೊಟ್ಟೆಯಲ್ಲಿರಬೇಕು. ಹೀಗೆ ಕೊಟ್ಟಾಗ ಒಟ್ಟು ಕಡಿಮೆ ಔಷಧದಲ್ಲಿಯೇ ನೋವು ಹತೋಟಿಯಲ್ಲಿರುವುದುಂಟು.

ಮೊದಲ ಮೆಟ್ಟಿಲಿನ ಮಾತ್ರೆಗಳೂ ನಿರಪಾಯಕಾರಿಯಲ್ಲ. 500 ಮಿಲಿಗ್ರಾಂನ ಪ್ಯಾರಾಸಿಟಮಾಲ್ ವಯಸ್ಕರಿಗೆ ದಿನಕ್ಕೆ ಎಂಟನ್ನು ಮೀರಬಾರದು. ಬಹಳ ಕೃಶವಾದವರಿಗೆ, ಯಕೃತ್ತಿನ ತೊಂದರೆಯುಳ್ಳವರಿಗೆ ಅದಕ್ಕಿಂತ ಕಡಿಮೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೂಳೆ ನೋವಿಗೆ ಉಪಕಾರಿಯಾದರೂ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ತೊಂದರೆ ತರಬಲ್ಲವು. ಮೈಲೋಮಾ ರೋಗಿಗಳು ಇವನ್ನು ದೂರವಿಡಬೇಕು. ಅಂಗಡಿಯಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ನುಂಗುವುದು ಯಾರಿಗೂ ಸಲ್ಲದು. ನರ ಒತ್ತಿದ ನೋವಿಗೆ, ಅಂದರೆ ಉರಿ, ಜುಮುಜುಮು, ಶಾಕ್ ಹೊಡೆದಂಥ ನೋವಿಗೆ, ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್‌ನಂಥ ಬೇರೆ ಔಷಧಗಳನ್ನು ಜೊತೆಗೆ ಕೊಡುತ್ತಾರೆ. ಊತ ಇಳಿಸಲು ಕೆಲವು ದಿನ ಸ್ಟೀರಾಯ್ಡ್ ಕೊಡುವುದೂ ಉಂಟು.

ಮಾರ್ಫಿನ್ ಎಂದರೆ ಭಯ ಬೇಡ

ಮಾರ್ಫಿನ್ ತಯಾರಾಗುವುದು ಅಫೀಮು ಗಿಡದ ಕಾಯಿಯ ಹಾಲಿನಿಂದ. ಅದಕ್ಕೇ ಹೆಸರು ಕೇಳಿದೊಡನೆ ಜನ ಬೆಚ್ಚುತ್ತಾರೆ. ಸರ್ಕಾರದ ಪರವಾನಗಿಯಲ್ಲಿ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ಭಾರತವೂ ಒಂದು. ಹೀಗಿದ್ದೂ ಇಲ್ಲಿನ ಕ್ಯಾನ್ಸರ್ ರೋಗಿಗಳಿಗೇ ಅದು ಸಿಗದೆ ದಶಕಗಳು ಕಳೆದವು. 1985ರ ಮಾದಕ ವಸ್ತುಗಳ ಕಾಯ್ದೆ ದುರುಪಯೋಗ ತಡೆಯಲು ಬಂದದ್ದು. ಆದರೆ ಅದರ ಬಿಗಿಯಲ್ಲಿ ಆಸ್ಪತ್ರೆಗಳು ಒಂದರ ಮೇಲೊಂದು ಪರವಾನಗಿ ಪಡೆಯಬೇಕಾಗಿ ಬಂದು ಅನೇಕವು ಮಾರ್ಫಿನ್ ಇಡುವುದನ್ನೇ ಬಿಟ್ಟವು. 1993ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ನೋವು ಶಮನದ ಕೆಲಸ ಆರಂಭಿಸಿ, ಬಾಯಿಯಿಂದ ಕೊಡುವ ಮಾರ್ಫಿನ್ ಅನ್ನು ಮನೆಮನೆಯಲ್ಲಿ ಸುರಕ್ಷಿತವಾಗಿ ಬಳಸಬಹುದೆಂದು ತೋರಿಸಿಕೊಟ್ಟರು. 2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು ನಿಯಮ ಸಡಿಲಿಸಿತು. ಈಗ ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟು ಕೊಡಬಹುದು.

ಸಾಮಾನ್ಯ ಮಾರ್ಫಿನ್ ಮಾತ್ರೆಯ ಬಲ ಸುಮಾರು ನಾಲ್ಕು ಗಂಟೆ. ಆದ್ದರಿಂದ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ಕ್ರಮ ಹಾಕುತ್ತಾರೆ. ನಡುರಾತ್ರಿ ಎಬ್ಬಿಸದಿರಲೆಂದು ರಾತ್ರಿ ಹತ್ತರ ಪ್ರಮಾಣವನ್ನು ವೈದ್ಯರು ಎರಡರಷ್ಟು ಮಾಡುವುದುಂಟು. ನಡುವೆ ನೋವು ಉಕ್ಕಿದರೆ ಕೊಡಲು ಹೆಚ್ಚುವರಿ ಮಾತ್ರೆಯ ಪ್ರಮಾಣವನ್ನೂ ಬರೆದುಕೊಡುತ್ತಾರೆ. ಸ್ನಾನಕ್ಕೆ, ಬಟ್ಟೆ ಬದಲಿಸಲು, ಆಸ್ಪತ್ರೆಗೆ ಹೊರಡಲು ಎಬ್ಬಿಸುವ ಅರ್ಧ ಗಂಟೆ ಮೊದಲು ಈ ಹೆಚ್ಚುವರಿ ಮಾತ್ರೆ ಕೊಟ್ಟರೆ ಅಲುಗಿದಾಗಿನ ನೋವು ತಗ್ಗುತ್ತದೆ. ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು. ಪಕ್ಕದ ಮನೆಯವರ ಚೀಟಿ ನೋಡಿ ಕೊಡುವಂತಿಲ್ಲ.

ಎಲ್ಲರೂ ಕೇಳುವ ನಾಲ್ಕು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸೋಣ.

ಪ್ರ: ಚಟ ಹತ್ತುವುದಿಲ್ಲವೇ?
ಉ: ನೋವಿಗಾಗಿ ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳುವ ಕ್ಯಾನ್ಸರ್ ರೋಗಿಗೆ ಚಟ ಹತ್ತುವುದು ಬಹಳ ವಿರಳ. ದೇಹ ಅದಕ್ಕೆ ಒಗ್ಗಿಕೊಳ್ಳುವುದು ನಿಜ. ಹಾಗಾಗಿ ಥಟ್ಟನೆ ನಿಲ್ಲಿಸಬಾರದು. ವಿಕಿರಣ ಚಿಕಿತ್ಸೆಯಿಂದ ನೋವು ಇಳಿದರೆ ವೈದ್ಯರೇ ಹಂತಹಂತವಾಗಿ ಕಡಿಮೆ ಮಾಡುತ್ತಾರೆ.

ಪ್ರ: ಮಾರ್ಫಿನ್ ಕೊಟ್ಟರೆ ಇನ್ನು ಕೊನೆಗಾಲ ಬಂತೆಂದು ಅರ್ಥವೇ?
ಉ: ಅಲ್ಲ. ನೋವು ಎಷ್ಟಿದೆ ಎಂಬುದರ ಮೇಲೆ ಮಾರ್ಫಿನ್, ಆಯಸ್ಸು ಎಷ್ಟಿದೆ ಎಂಬುದರ ಮೇಲಲ್ಲ. ತಿಂಗಳುಗಳು, ಕೆಲವೊಮ್ಮೆ ವರ್ಷಗಳ ಕಾಲ ಇದನ್ನು ತೆಗೆದುಕೊಂಡು ಓಡಾಡಿಕೊಂಡಿರುವವರಿದ್ದಾರೆ.

ಪ್ರ: ಈಗಲೇ ಕೊಟ್ಟರೆ ಮುಂದೆ ನೋವು ಹೆಚ್ಚಾದಾಗ ಏನು ಗತಿ?
ಉ: ಮಾರ್ಫಿನ್‌ಗೆ ಇಷ್ಟೇ ಎಂಬ ಮೇಲ್ಮಿತಿ ಇಲ್ಲ. ನೋವು ಏರಿದಂತೆ ವೈದ್ಯರು ಪ್ರಮಾಣ ಏರಿಸಬಲ್ಲರು. ಮುಂದಿನ ನೋವಿಗಾಗಿ ಇಂದಿನ ನೋವನ್ನು ಕೂಡಿಡಬೇಕಾಗಿಲ್ಲ.

ಪ್ರ: ಅಡ್ಡ ಪರಿಣಾಮಗಳಿಲ್ಲವೇ?
ಉ: ಇವೆ. ಮಲಬದ್ಧತೆ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ, ತಾನಾಗಿ ಹೋಗುವುದಿಲ್ಲ. ಆದ್ದರಿಂದ ಮೊದಲ ದಿನದಿಂದಲೇ ಭೇದಿ ಮಾತ್ರೆ ಜೊತೆಗಿರಬೇಕು. ಓಕರಿಕೆ, ಮಂಪರು ಮೊದಲ ಕೆಲವು ದಿನ ಇದ್ದು ಹೆಚ್ಚಿನವರಲ್ಲಿ ಕಡಿಮೆಯಾಗುತ್ತವೆ. ಮಂಪರಿದ್ದಾಗ ವಾಹನ ನಡೆಸಬಾರದು, ಮದ್ಯ ಮುಟ್ಟಬಾರದು. ಕರೆದರೂ ಎಚ್ಚರಾಗದಷ್ಟು ನಿದ್ದೆ, ಉಸಿರು ತೀರ ನಿಧಾನ, ಕೈಕಾಲು ಎಗರುವುದು ಕಂಡರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮೂತ್ರಪಿಂಡ ದುರ್ಬಲವಾದವರಲ್ಲಿ ಈ ಅಪಾಯ ಹೆಚ್ಚು. ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಡಿ. ಉಳಿದವನ್ನು ಕೊಟ್ಟ ಆಸ್ಪತ್ರೆಗೇ ಮರಳಿಸಿ.

ಒಂದೇ ದಿನದ ವಿಕಿರಣ ಚಿಕಿತ್ಸೆ

ಮೂಳೆ ನೋವಿಗೆ ಅತ್ಯುತ್ತಮ ಚಿಕಿತ್ಸೆಗಳಲ್ಲಿ ವಿಕಿರಣವೂ ಒಂದು. 'ಕರೆಂಟ್ ಕೊಡಿಸುವುದು' ಎಂದು ಜನ ಕರೆಯುವುದು ಇದನ್ನೇ. ವಾಸ್ತವವಾಗಿ ಇದರಲ್ಲಿ ಶಾಕ್ ಹೊಡೆಯುವುದಿಲ್ಲ, ಕೊಡುವಾಗ ನೋವೂ ಇಲ್ಲ. ಕ್ಷ-ಕಿರಣ ಚಿತ್ರ ತೆಗೆಸಿಕೊಂಡಂತೆ ಕೆಲವು ನಿಮಿಷ ಅಲುಗದೆ ಮಲಗಿದ್ದರೆ ಆಯಿತು. ನೋವಿರುವ ಜಾಗದ ಕ್ಯಾನ್ಸರ್ ಕಣಗಳನ್ನು ಕಿರಣಗಳು ಹತ್ತಿಕ್ಕುತ್ತವೆ. ಹತ್ತರಲ್ಲಿ ಸುಮಾರು ಆರು ಜನರಿಗೆ ನೋವು ಗಣನೀಯವಾಗಿ ಇಳಿಯುತ್ತದೆ. ಆದರೆ ಅದು ಅಂದೇ ಆಗುವುದಿಲ್ಲ, ಎರಡರಿಂದ ನಾಲ್ಕು ವಾರ ಹಿಡಿಯಬಹುದು. ಮೊದಲ ಕೆಲವು ದಿನ ಕೆಲವರಿಗೆ ನೋವು ತುಸು ಹೆಚ್ಚುವುದೂ ಉಂಟು. 'ಕರೆಂಟ್ ಕೊಟ್ಟ ಮೇಲೆ ಜಾಸ್ತಿ ಆತು' ಎಂದು ಗಾಬರಿಯಾಗಿ ಮಾತ್ರೆ ನಿಲ್ಲಿಸಬಾರದು.

ಹಳ್ಳಿಗಳಿಂದ ಬರುವ ಕುಟುಂಬಗಳು ತಿಳಿಯಬೇಕಾದ ಮುಖ್ಯ ಸಂಗತಿಯೊಂದಿದೆ. ಹರಡಿದ ಮೂಳೆ ನೋವು ಸರಳವಾಗಿದ್ದಾಗ, ಅಂದರೆ ಮೂಳೆ ಮುರಿಯದೆ, ನರಹುರಿ ಒತ್ತದೆ ಇದ್ದಾಗ, ಒಂದೇ ಸಲ 8 ಗ್ರೇ ಪ್ರಮಾಣದ ವಿಕಿರಣ ಕೊಡುವುದೂ ಐದು, ಹತ್ತು ದಿನ ಹಂಚಿ ಕೊಡುವುದೂ ನೋವು ಇಳಿಸುವುದರಲ್ಲಿ ಸಮಾನ ಎಂದು ಅನೇಕ ದೇಶಗಳ ಪರೀಕ್ಷೆಗಳಲ್ಲಿ ಖಚಿತವಾಗಿದೆ. ಒಂದೇ ಸಲ ಪಡೆದವರಲ್ಲಿ ಕೆಲವರಿಗೆ ಮುಂದೆ ಮತ್ತೊಮ್ಮೆ ಕೊಡಬೇಕಾಗಬಹುದು, ಅಷ್ಟೇ ವ್ಯತ್ಯಾಸ. ಚಿಗಟೇರಿಯಿಂದ ಬೆಂಗಳೂರಿಗೆ ಹೋಗಿ ಹತ್ತು ದಿನ ಕೋಣೆ ಹಿಡಿದು ಇರುವುದಕ್ಕೂ, ಒಂದೆರಡು ದಿನದಲ್ಲಿ ಮುಗಿಸಿ ಬರುವುದಕ್ಕೂ ಎಷ್ಟು ಅಂತರ! ನೋವಿನ ಮೈಯನ್ನು ದಿನವೂ ಎತ್ತಿ ಇಳಿಸುವ ಹಿಂಸೆಯೂ ತಪ್ಪುತ್ತದೆ. 'ಡಾಕ್ಟ್ರೇ, ಇದನ್ನು ಒಂದೇ ಸಲಕ್ಕೆ ಮುಗಿಸಲು ಬರುತ್ತದೆಯೇ?' ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮೂಳೆ ಕರಗುವುದನ್ನು ತಡೆಯುವ ಚುಚ್ಚುಮದ್ದು

ಜೋಲೆಡ್ರೋನಿಕ್ ಆಮ್ಲ ಎಂಬ ಔಷಧವನ್ನು ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ರಕ್ತನಾಳಕ್ಕೆ ಹನಿಹನಿಯಾಗಿ ಕೊಡುತ್ತಾರೆ. ಮೂಳೆ ಕರಗಿಸುವ ಕಣಗಳನ್ನು ಇದು ತಡೆದು, ಮೂಳೆ ಮುರಿಯುವ ಸಂಭವವನ್ನು ಕಡಿಮೆ ಮಾಡುತ್ತದೆ. ಡೆನೋಸುಮಾಬ್ ಚರ್ಮದಡಿಗೆ ಕೊಡುವ ಇನ್ನೊಂದು ಚುಚ್ಚುಮದ್ದು. ಇವು ಆ ಕ್ಷಣದ ನೋವಿಗೆ ಮದ್ದಲ್ಲ. ಆರಂಭಿಸುವ ಮುನ್ನ ಮೂತ್ರಪಿಂಡದ ಪರೀಕ್ಷೆ, ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಹಾಗೂ ಹಲ್ಲಿನ ತಪಾಸಣೆ ಆಗಬೇಕು. ಅಪರೂಪಕ್ಕೆ ದವಡೆಯ ಮೂಳೆ ಕೊಳೆಯುವ ತೊಂದರೆ ಬರುವುದರಿಂದ ಹುಳುಕು ಹಲ್ಲುಗಳನ್ನು ಮೊದಲೇ ಕೀಳಿಸಿಕೊಳ್ಳುವುದು ಕ್ಷೇಮ. ಇವುಗಳ ಜೊತೆಗೆ ಮೂಲ ಕ್ಯಾನ್ಸರ್‌ಗೆ ಕೊಡುವ ಚಿಕಿತ್ಸೆಯೂ ನೋವು ಇಳಿಸುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಪುರುಷ ಹಾರ್ಮೋನನ್ನು ತಗ್ಗಿಸುವ ಚಿಕಿತ್ಸೆ ಇದಕ್ಕೆ ಒಳ್ಳೆಯ ಉದಾಹರಣೆ.

ತಡಮಾಡಬಾರದ ಮೂರು ಸಂದರ್ಭಗಳು

ಮೊದಲನೆಯದು ಬೆನ್ನುಹುರಿಯ ಮೇಲಿನ ಒತ್ತಡ. ಬೆನ್ನುನೋವು ಥಟ್ಟನೆ ಹೆಚ್ಚುವುದು, ಎದೆ ಅಥವಾ ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂತಾಗುವುದು, ಕಾಲುಗಳಲ್ಲಿ ಶಕ್ತಿ ಕುಂದಿ ನಡೆಯುವಾಗ ತಡವರಿಸುವುದು, ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು ಇದರ ಲಕ್ಷಣಗಳು. ಇವು ಕಂಡರೆ 'ನಾಳೆ ನೋಡೋಣ' ಎನ್ನಬಾರದು. ಅದೇ ದಿನ ಆಸ್ಪತ್ರೆ ಸೇರಬೇಕು. ಕಾಲಿನಲ್ಲಿ ಬಲವಿರುವಾಗಲೇ ಚಿಕಿತ್ಸೆ ಪಡೆದವರು ಹೆಚ್ಚಾಗಿ ನಡೆದಾಡಿಕೊಂಡೇ ಉಳಿಯುತ್ತಾರೆ. ಕಾಲು ಪೂರ್ತಿ ಬಿದ್ದ ಮೇಲೆ ಮರಳಿ ಬಲ ಬರುವುದು ಕಷ್ಟ. ಇಲ್ಲಿ ಒಂದು ದಿನದ ಬೆಲೆ ಎಂದರೆ ರೋಗಿಯ ಉಳಿದ ದಿನಗಳನ್ನು ಕಾಲ ಮೇಲೆ ಕಳೆಯುವುದೋ ಹಾಸಿಗೆಯಲ್ಲೋ ಎಂಬ ಪ್ರಶ್ನೆ.

ಎರಡನೆಯದು ಮೂಳೆ ಮುರಿತ. ಟೊಳ್ಳಾದ ತೊಡೆಮೂಳೆ ಮಗ್ಗುಲು ಬದಲಿಸಿದಷ್ಟಕ್ಕೇ ಮುರಿಯಬಹುದು. ಕಾಲೂರಿದಾಗ ತೊಡೆಯಲ್ಲಿ ತೀವ್ರ ನೋವು ಬರುತ್ತಿದ್ದರೆ ಅದು ಮುರಿತಕ್ಕೆ ಮುನ್ಸೂಚನೆ. ಮುರಿಯುವ ಮೊದಲೇ ಒಳಗೆ ಲೋಹದ ಸರಳು ಕೂರಿಸಿದರೆ ರೋಗಿ ನಡೆದಾಡಬಹುದು. ಇಂತಹ ಮೈಯನ್ನು ಗಟ್ಟಿಯಾಗಿ ತಿಕ್ಕಿಸುವುದು, ಎಳೆಸುವುದು, ನಾಟಿ ಕಟ್ಟು ಹಾಕಿಸುವುದು ಅಪಾಯ. ಸಾಮಾನ್ಯ ಮುರಿತಕ್ಕೂ ಇದಕ್ಕೂ ಹೋಲಿಕೆಯಿಲ್ಲ.

ಮೂರನೆಯದು ರಕ್ತದಲ್ಲಿ ಕ್ಯಾಲ್ಸಿಯಂ ಏರುವುದು. ಮೂಳೆ ಕರಗಿ ಸುಣ್ಣದ ಅಂಶ ರಕ್ತಕ್ಕೆ ಸೇರಿದಾಗ ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ವಾಂತಿ, ಮಲಬದ್ಧತೆ, ತೂಕಡಿಕೆ, ಮಾತು ತಪ್ಪುವುದು ಕಾಣುತ್ತವೆ. ಕೊನೆಗಾಲದ ಕನವರಿಕೆ ಎಂದು ಮನೆಯವರು ಕೈಚೆಲ್ಲುವುದುಂಟು. ಸಾದಾ ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ, ಸಲೈನ್ ಮತ್ತು ಮೇಲೆ ಹೇಳಿದ ಚುಚ್ಚುಮದ್ದಿನಿಂದ ಬಹಳಷ್ಟು ಸಲ ಇಳಿಯುತ್ತದೆ. ಮೂರೂ ಸಂದರ್ಭಗಳಲ್ಲಿ 108ಕ್ಕೆ ಕರೆ ಮಾಡಿ.

ಮನೆಯಲ್ಲಿ ಮಾಡಬಹುದಾದ್ದು

ಜೋತುಬಿದ್ದ ಹೊರಸಿನ ಮೇಲೆ ಮಲಗಿಸಬೇಡಿ. ಸಮತಟ್ಟಾದ ಮಂಚ, ಮೇಲೆ ಮೆತ್ತನೆಯ ಹಾಸಿಗೆ ಇರಲಿ. ಮಗ್ಗುಲು ಬದಲಿಸುವಾಗ ಕೈಕಾಲು ಹಿಡಿದು ಎಳೆಯದೆ, ಅಡಿಯಲ್ಲಿ ಮಡಿಸಿ ಹಾಸಿದ ದುಪ್ಪಟಿಯನ್ನು ಇಬ್ಬರು ಹಿಡಿದು ಮರದ ದಿಮ್ಮಿ ಹೊರಳಿಸಿದಂತೆ ತಲೆ, ಬೆನ್ನು, ಕಾಲು ಒಟ್ಟಿಗೆ ಹೊರಳಿಸಿ. ಮೊಣಕಾಲುಗಳ ನಡುವೆ ದಿಂಬು ಇಡಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಹೊಸ್ತಿಲು ಎಡವದಂತೆ, ನೆಲ ಜಾರದಂತೆ ನೋಡಿಕೊಳ್ಳಿ. ಕೋಲು ಅಥವಾ ವಾಕರ್ ಬಳಸಲಿ. ಕೊಡ ಎತ್ತುವುದು, ಬಗ್ಗಿ ಭಾರ ಹೊರುವುದು ಬೇಡ. ಹಾಗೆಂದು ನಡೆಯಬಲ್ಲವರನ್ನು ಮಲಗಿಸಿಬಿಡಲೂಬಾರದು. ವೈದ್ಯರು ಹೇಳಿದಷ್ಟು ಓಡಾಟ ಸ್ನಾಯುಗಳಿಗೂ ಮನಸ್ಸಿಗೂ ಒಳ್ಳೆಯದು.

ಬೆಚ್ಚಗಿನ ಕಾವು ಹಾಯೆನಿಸಿದರೆ ಬಟ್ಟೆಯ ಮೇಲಿಂದ ಕೊಡಬಹುದು. ವಿಕಿರಣ ಪಡೆದ ಚರ್ಮಕ್ಕೆ, ಸ್ಪರ್ಶ ತಿಳಿಯದ ಜಾಗಕ್ಕೆ ಬೇಡ. ಫೆಂಟನಿಲ್ ಪಟ್ಟಿ ಅಂಟಿಸಿದ್ದರೆ ಅದರ ಮೇಲೆ ಕಾವು ಕೊಡಲೇಬಾರದು, ಔಷಧ ಒಮ್ಮೆಲೇ ಮೈಗೆ ಸೇರಿ ಅಪಾಯವಾದೀತು. ಮಜ್ಜಿಗೆ, ಅಂಬಲಿ, ಸೊಪ್ಪಿನ ಸಾರು, ಬಾಳೆಹಣ್ಣು ಹೀಗೆ ರುಚಿಸುವುದನ್ನು ಸ್ವಲ್ಪಸ್ವಲ್ಪವಾಗಿ ಕೊಡಿ. ಮೂಳೆ ಗಟ್ಟಿಯಾಗಲೆಂದು ನೀವಾಗಿಯೇ ಕ್ಯಾಲ್ಸಿಯಂ ಮಾತ್ರೆ ತಂದು ನುಂಗಿಸಬೇಡಿ.

ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ ಆರೈಕೆ ಕೇಂದ್ರ ತೆರೆದ ಸಿಸಿಲಿ ಸಾಂಡರ್ಸ್, ರೋಗಿಯ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ನಂಬಿಕೆಯದೂ ಹೌದು ಎಂದು ವಿವರಿಸಿದರು. ಸಾಲ ತೀರಿಲ್ಲ, ಮಗಳ ಮದುವೆಯಾಗಿಲ್ಲ ಎಂಬ ಚಿಂತೆ ರಾತ್ರಿ ಹೊತ್ತು ಮೂಳೆ ನೋವಿನ ರೂಪದಲ್ಲಿ ಬರುತ್ತದೆ. ರೋಗಿಗೆ ತಿಳಿಯಬಾರದೆಂದು ಬಾಗಿಲ ಹೊರಗೆ ಪಿಸುಗುಡುವುದಕ್ಕಿಂತ, ಕೇಳಿದಷ್ಟಕ್ಕೆ ನಿಜ ಹೇಳಿ ಕೈ ಹಿಡಿದು ಕುಳಿತುಕೊಳ್ಳುವುದು ಲೇಸು. ಚಿಗಟೇರಿಯ ನಾರದಮುನಿಗೆ ಹರಕೆ ಹೊರುವವರು ಹೊರಲಿ. ದೇವರ ಮೇಲಿನ ಭಕ್ತಿಗೂ ಗಡಿಯಾರದ ಮಾತ್ರೆಗೂ ಜಗಳವಿಲ್ಲ. ಆರೈಕೆ ಮಾಡುವ ಸೊಸೆ, ಮಗಳು, ಹೆಂಡತಿಗೂ ನಿದ್ದೆ ಬೇಕು. ರಾತ್ರಿ ಪಾಳಿ ಹಂಚಿಕೊಳ್ಳಿ.

ಎಲ್ಲಿಗೆ ಹೋಗಬೇಕು?

ಮೊದಲು ಊರಿನ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು, ಆಶಾ ಕಾರ್ಯಕರ್ತೆಯನ್ನು ಕಾಣಿ. ಚಿಕಿತ್ಸೆಯ ಎಲ್ಲ ಕಾಗದಗಳನ್ನು ಒಂದೇ ಚೀಲದಲ್ಲಿಡಿ. ಹರಪನಹಳ್ಳಿ ತಾಲ್ಲೂಕಿನವರಿಗೆ ದಾವಣಗೆರೆ ಹತ್ತಿರ. ಅಲ್ಲಿನ ಜಿಲ್ಲಾ ಆಸ್ಪತ್ರೆಗೆ ಚಿಗಟೇರಿಯ ಹೆಸರೇ ಇರುವುದು ಈ ಭಾಗದವರಿಗೆಲ್ಲ ಗೊತ್ತು. ಜಿಲ್ಲಾ ಆಸ್ಪತ್ರೆಗೆ ಹೋದಾಗ 'ಉಪಶಮನ ಆರೈಕೆ ಇದೆಯೇ? ಮಾರ್ಫಿನ್ ಮಾತ್ರೆ ಸಿಗುತ್ತದೆಯೇ?' ಎಂದು ಬಾಯಿಬಿಟ್ಟು ಕೇಳಿ. ಇಲ್ಲವೆಂದರೆ ಯಾವ ಆಸ್ಪತ್ರೆಯಲ್ಲಿ ಇದೆ ಎಂದು ಬರೆಸಿಕೊಳ್ಳಿ.

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ, ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಗಳಲ್ಲಿ ವಿಕಿರಣ ಚಿಕಿತ್ಸೆಯ ಸೌಲಭ್ಯವಿದೆ. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗಾಗಿಯೇ ಇರುವ ಬೆಂಗಳೂರಿನ ಕರುಣಾಶ್ರಯದಲ್ಲಿ ಆರೈಕೆ ಉಚಿತ. 1994ರಲ್ಲಿ ಈ ಸಂಸ್ಥೆ ಹುಟ್ಟಿತು, 1999ರಲ್ಲಿ ಅದರ ಆರೈಕೆ ಕೇಂದ್ರ ತೆರೆಯಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ನೆರವಿದೆ. ಹೊರಡುವಾಗ ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿರಲಿ. ಪ್ರತಿ ಸಲ ರೋಗಿಯನ್ನೇ ಬಸ್ಸಿನಲ್ಲಿ ಕುಲುಕಿಸಿಕೊಂಡು ಒಯ್ಯಬೇಕಾಗಿಲ್ಲ. ಮಾತ್ರೆ ತರಲು ಮನೆಯವರೊಬ್ಬರು ನೋವಿನ ನೋಟುಬುಕ್ಕು ಹಿಡಿದು ಬಂದರೆ ಸಾಕೇ ಎಂದು ಮೊದಲ ಭೇಟಿಯಲ್ಲಿಯೇ ವೈದ್ಯರನ್ನು ಕೇಳಿ ಗೊತ್ತುಮಾಡಿಕೊಳ್ಳಿ.

ಚಿಕಿತ್ಸೆಯ ಗುರಿಯನ್ನು ಮೂರು ಹಂತವಾಗಿ ಇಟ್ಟುಕೊಳ್ಳಿ. ಮೊದಲು ನೋವಿಲ್ಲದೆ ರಾತ್ರಿ ನಿದ್ರೆ ಬರಬೇಕು. ಅನಂತರ ಅಲುಗದೆ ಕುಳಿತಾಗ ನೋವಿರಬಾರದು. ಕೊನೆಗೆ ಓಡಾಡುವಾಗಿನ ನೋವೂ ತಗ್ಗಬೇಕು. ಮೂರನೆಯದು ಪೂರ್ತಿ ಕೈಗೂಡದೆ ಇರಬಹುದು. ಮೊದಲನೆಯದು ಸಿಕ್ಕರೂ ಮನೆಯ ವಾತಾವರಣವೇ ಬದಲಾಗುತ್ತದೆ. ರಾತ್ರಿ ನಿದ್ರೆ ಮಾಡಿ ಎದ್ದ ಅಜ್ಜ ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಾನೆ, ಮೊಮ್ಮಕ್ಕಳನ್ನು ಹತ್ತಿರ ಕರೆಯುತ್ತಾನೆ, ಹೊಲದ ಸುದ್ದಿ ಕೇಳುತ್ತಾನೆ. ನೋವು ಇಳಿಯದಿದ್ದರೆ ಸುಮ್ಮನಿರಬೇಡಿ. ಮತ್ತೆ ಹೋಗಿ, ಮತ್ತೆ ಹೇಳಿ. ನೋವು ಕಡಿಮೆ ಮಾಡಿಕೊಡಿ ಎಂದು ಕೇಳುವುದು ರೋಗಿಯ ಹಕ್ಕು.